13-0 ಇದ್ದ ಫ್ಲೋರಿಡಾ ಸ್ಟೇಟ್ ಹೊರಗೆ, 12-1ರ ಅಲಬಾಮಾ ಒಳಗೆ: 2023ರ ಪಟ್ಟಿ ತಪ್ಪೇ?

2023ರ ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಒಂದೂ ಪಂದ್ಯ ಸೋಲದ ಫ್ಲೋರಿಡಾ ಸ್ಟೇಟ್ ಬಿಟ್ಟು ಒಂದು ಸೋತ ಅಲಬಾಮಾವನ್ನು ಪ್ಲೇಆಫ್‌ಗೆ ಹೇಗೆ ಹಾಕಿದರು, ಪಟ್ಟಿಯಲ್ಲೇ ತಪ್ಪಿದೆಯಾ ಅಂತ ಕೇಳಿದ್ದೀರಿ. ಪಟ್ಟಿಯ ಅಂಕಿಗಳಲ್ಲಿ ತಪ್ಪಿಲ್ಲ. ಅದನ್ನು ಐಪಿಎಲ್ ಪಾಯಿಂಟ್ಸ್ ಟೇಬಲ್ ತರಹ ಓದಿದ್ದೀರಿ, ತೊಡಕು ಅಲ್ಲೇ. ಐಪಿಎಲ್‌ನಲ್ಲಿ ಎಲ್ಲರಿಗೂ 14 ಪಂದ್ಯ, ಅಂಕ ಸಮ ಆದರೆ ನೆಟ್ ರನ್‌ರೇಟ್, ಮೇಲಿನ ನಾಲ್ವರು ಮುಂದೆ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ 2023ರಲ್ಲಿ 133 ಟೀಮು, ಸಾಮಾನ್ಯವಾಗಿ ತಲಾ 12 ಪಂದ್ಯ. ಬಹುತೇಕ ಟೀಮುಗಳು ಪರಸ್ಪರ ಮುಖವನ್ನೇ ನೋಡುವುದಿಲ್ಲ. ಅದಕ್ಕೇ 13 ಜನರ ಸಮಿತಿ ಕೂತು ನಾಲ್ವರನ್ನು ಆರಿಸುತ್ತಿತ್ತು.

ಮೊದಲು ಅಂಕಿ. 12-1 ಅಂದರೆ 12 ಗೆಲುವು, 1 ಸೋಲು. ಡ್ರಾ ಇಲ್ಲ; 1996ರಿಂದ ಓವರ್‌ಟೈಮ್ ಆಡಿಸಿ ಫಲಿತಾಂಶ ತಂದೇ ತರುತ್ತಾರೆ. ಪಕ್ಕದಲ್ಲಿ 8-0 ಎಂಬಂಥ ಇನ್ನೊಂದು ಜೋಡಿ ಇದ್ದರೆ ಅದು ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಹೆಚ್ಚು ಆಡುವ ಟೀಮುಗಳ ಗುಂಪು) ಒಳಗಿನ ಲೆಕ್ಕ. ಇಲ್ಲಿ ತುಂಬ ಜನ ಎಡವುತ್ತಾರೆ: ಎಸ್‌ಇಸಿ, ಎಸಿಸಿ ಎಂಬ ಕಾನ್ಫರೆನ್ಸ್‌ಗಳ ಟೀಮುಗಳು (ಅಲಬಾಮಾ ಮೊದಲನೆಯದರಲ್ಲಿ, ಫ್ಲೋರಿಡಾ ಸ್ಟೇಟ್ ಎರಡನೆಯದರಲ್ಲಿ) ಆಗ ಕಾನ್ಫರೆನ್ಸ್‌ನಲ್ಲಿ 8 ಪಂದ್ಯ ಆಡುತ್ತಿದ್ದವು, ಬಿಗ್ ಟೆನ್, ಬಿಗ್ 12, ಪ್ಯಾಕ್-12ರವು 9. 13ನೇ ಪಂದ್ಯ ಕಾನ್ಫರೆನ್ಸ್ ಫೈನಲ್. ಆಮೇಲಿನವು ಬೌಲ್ (ಸೀಸನ್ ಕೊನೆಗೆ ಆಯ್ದ ಟೀಮುಗಳ ಪಂದ್ಯ) ಅಥವಾ ಪ್ಲೇಆಫ್ ಪಂದ್ಯಗಳು. ಅದಕ್ಕೇ ಚಾಂಪಿಯನ್ ಮಿಶಿಗನ್ ಎದುರು 15-0 ಅಂತಿದೆ.

ಎಲ್ಲ 13-0ಕ್ಕೂ ಒಂದೇ ತೂಕ ಇಲ್ಲ. ಆ ವರ್ಷ ಲಿಬರ್ಟಿ ಕೂಡ 13-0. ಚಿಕ್ಕ ಕಾನ್ಫರೆನ್ಸ್‌ನ ಎದುರಾಳಿಗಳು, ಹಾಗಾಗಿ ಸಮಿತಿಯ ರ‍್ಯಾಂಕಿಂಗ್‌ನಲ್ಲಿ 23ನೇ ಸ್ಥಾನ. ಫಿಯೆಸ್ಟಾ ಬೌಲ್‌ನಲ್ಲಿ ಒರೆಗಾನ್ ಅವರನ್ನು 45-6ರಿಂದ ಬಡಿಯಿತು.

ಈಗ ನಿಮ್ಮ ಪ್ರಶ್ನೆ. ಸಮಿತಿ ಕಾನ್ಫರೆನ್ಸ್ ಪ್ರಶಸ್ತಿ, ಎದುರಾಳಿಗಳ ಬಲ, ನೇರ ಮುಖಾಮುಖಿ, ಇಬ್ಬರೂ ಆಡಿದ ಸಮಾನ ಎದುರಾಳಿಗಳು, ಇಷ್ಟನ್ನೂ ನೋಡುತ್ತದೆ. ಜತೆಗೆ ಮುಖ್ಯ ಆಟಗಾರ ಇಲ್ಲದಿದ್ದರೆ ಅದನ್ನೂ ಗಣಿಸಬಹುದು ಎಂಬ ಸಾಲು ನಿಯಮದಲ್ಲಿತ್ತು. ಫ್ಲೋರಿಡಾ ಸ್ಟೇಟ್‌ಗೆ ಮುಳುವಾದದ್ದು ಈ ಸಾಲು. ನವೆಂಬರ್ 18ರಂದು ನಾರ್ತ್ ಅಲಬಾಮಾ ಎದುರಿನ ಪಂದ್ಯದಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲಿಗೆ ಪೆಟ್ಟು, ಸೀಸನ್ ಅಲ್ಲಿಗೇ ಮುಗಿಯಿತು. ಎರಡನೆಯವನೂ ಗಾಯಾಳು. ಕಾನ್ಫರೆನ್ಸ್ ಫೈನಲ್‌ಗೆ ಮೂರನೇ ಆಯ್ಕೆಯ ಹುಡುಗ ಬ್ರಾಕ್ ಗ್ಲೆನ್: 21 ಪಾಸ್‌ನಲ್ಲಿ 8 ಕೈ ಸೇರಿದವು, ಬರೀ 55 ಯಾರ್ಡ್. ಡಿಫೆನ್ಸ್ ಬಲದಲ್ಲಿ ಲೂಯಿವಿಲ್ ವಿರುದ್ಧ 16-6 ಗೆದ್ದರು, ಆದರೆ ಆಟ ನೋಡಿದ ಸಮಿತಿಗೆ ಧೈರ್ಯ ಬರಲಿಲ್ಲ.

ಅತ್ತ ಅಲಬಾಮಾ ಉಳಿದದ್ದೇ ಕೂದಲೆಳೆಯಲ್ಲಿ. ನವೆಂಬರ್ 25ರಂದು ಆಬರ್ನ್ ಎದುರು ಕೊನೆಯ ನಿಮಿಷ, ನಾಲ್ಕನೇ ಡೌನ್ (ಅಂದರೆ ಕೊನೆಯ ಪ್ರಯತ್ನ), ಗೋಲ್ ಗೆರೆ 31 ಯಾರ್ಡ್ ದೂರ. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಮಿಲ್ರೋ ಎಸೆದ ಚೆಂಡು ಗೋಲ್ ಗೆರೆಯಾಚೆಯ ಎಂಡ್ ಝೋನ್ ಮೂಲೆಯಲ್ಲಿ ಜತೆಗಾರ ಬಾಂಡ್ ಕೈಗೆ ಸಿಕ್ಕಿತು, 27-24. ವಾರದ ನಂತರ ಅಟ್ಲಾಂಟಾದಲ್ಲಿ, ಸತತ 29 ಪಂದ್ಯ ಗೆದ್ದಿದ್ದ ಜಾರ್ಜಿಯಾವನ್ನು ಅದೇ 27-24ರಿಂದ ಕೆಡವಿದರು. ಈ ಗೆಲುವಿನ ಎದುರು 16-6 ಸಪ್ಪೆ ಕಂಡಿತು.

ಹಾಗಂತ ಅಲಬಾಮಾ ಒಂದನ್ನೇ ಒಳಗೆ ತರುವ ಹಾಗಿರಲಿಲ್ಲ. ಟೆಕ್ಸಸ್ ಕೂಡ 12-1, ಅದೂ ಕಾನ್ಫರೆನ್ಸ್ ಚಾಂಪಿಯನ್, ಸೆಪ್ಟೆಂಬರ್ 9ರಂದು ಅಲಬಾಮಾದ ಅಂಗಳದಲ್ಲೇ ಅವರನ್ನು 34-24ರಿಂದ ಸೋಲಿಸಿತ್ತು. ಟೆಕ್ಸಸ್ ಬಿಟ್ಟು ಅಲಬಾಮಾವನ್ನು ಹಾಕಲು ಬರುವುದಿಲ್ಲ. ಡಿಸೆಂಬರ್ 3ರ ಪಟ್ಟಿ ಹೀಗಾಯಿತು: ಮಿಶಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ, ಐದನೆಯದು ಫ್ಲೋರಿಡಾ ಸ್ಟೇಟ್, ಆರನೆಯದು ಜಾರ್ಜಿಯಾ. ದೊಡ್ಡ ಐದು ಕಾನ್ಫರೆನ್ಸ್‌ಗಳ ಅಜೇಯ ಚಾಂಪಿಯನ್ ಒಬ್ಬರು ಈ ಪ್ಲೇಆಫ್‌ನಿಂದ ಹೊರಗುಳಿದದ್ದು ಅದೇ ಮೊದಲು. ನನ್ನ ಪ್ರಕಾರ ಅನ್ಯಾಯವೇ. ಗೆದ್ದ ಪಂದ್ಯಕ್ಕೆ ಬೆಲೆ ಕೊಡಬೇಕು, ಮುಂದೆ ಹೇಗೆ ಆಡಿಯಾರು ಎಂಬ ಊಹೆಗಲ್ಲ.

"ಆರೆಂಜ್ ಬೌಲ್‌ನಲ್ಲಿ ಫ್ಲೋರಿಡಾ ಸ್ಟೇಟ್‌ನವರು ಜಾರ್ಜಿಯಾ ಎದುರು 63-3 ಸೋತರಲ್ಲ, ಸಮಿತಿ ಹೇಳಿದ್ದೇ ಸರಿ" ಅನ್ನುವವರಿದ್ದಾರೆ. ಆ ವಾದ ನಿಲ್ಲದು. ಪ್ಲೇಆಫ್ ತಪ್ಪಿದ ಮೇಲೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೊರಟವರು, ಕಾಲೇಜು ಬದಲಿಸುವವರು ಅಂತ ದಂಡಿಗಟ್ಟಲೆ ಆಟಗಾರರು ಆ ಪಂದ್ಯಕ್ಕೆ ಇಳಿಯಲೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ಫ್ಲೋರಿಡಾ ಸ್ಟೇಟ್ ಹೆಸರಿನ ಎದುರು 13-1 ಇದ್ದರೆ, ಆ 1 ಇದೇ. ಟೀಮುಗಳನ್ನು ಹೋಲಿಸುವಾಗ ಡಿಸೆಂಬರ್ 3ರವರೆಗಿನ ಲೆಕ್ಕ ಹಿಡಿಯಿರಿ, ಬೌಲ್ ಸೇರಿದ ಕೊನೆಯ ಲೆಕ್ಕ ಬೇಡ.

ಹಳೆಯ ಸೀಸನ್ ನೋಡುವಾಗ ಇನ್ನೊಂದು: ನಿಯಮ ಮುರಿದ ಟೀಮಿನ ಗೆಲುವುಗಳನ್ನು ಆಮೇಲೆ ಅಳಿಸುತ್ತಾರೆ, ಸೋಲು ಮಾತ್ರ ಉಳಿಯುತ್ತದೆ. ನೋಟ್ರ್ ಡೇಮ್ 2012ರಲ್ಲಿ ಆಡಿ ಮುಗಿಸಿದ್ದು 12-1, ಅಧಿಕೃತ ದಾಖಲೆಯಲ್ಲಿ 0-1. ಎರಡು ಕಡೆ ಎರಡು ಅಂಕಿ ಕಂಡರೆ ಗಾಬರಿ ಬೇಡ. 2024ರಿಂದ ಪ್ಲೇಆಫ್‌ಗೆ 12 ಟೀಮು. ಆ ನಿಯಮ ಒಂದು ವರ್ಷ ಮೊದಲೇ ಬಂದಿದ್ದರೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ.