ಪಿಸಿಆರ್‌ನಲ್ಲಿ ಬ್ಯಾಂಡ್ ಬಾರದ ಶಾರ್ಕ್: ಲಿಂಬೇಟಸ್ಸೋ ಬ್ರೆವಿಪಿನ್ನಾವೋ?

ಫಾರ್ಮಾಲಿನ್‌ನಲ್ಲಿಟ್ಟ ರೆಕ್ಕೆಗೆ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲಿಸಿ ಹೆಚ್ಚಿಸುವ ವಿಧಾನ) ಮಾಡಿದರೆ ಬ್ಯಾಂಡ್, ಅಂದರೆ ಜೆಲ್ ಮೇಲೆ ಕಾಣಬೇಕಾದ ಡಿಎನ್‌ಎ ಪಟ್ಟಿ, ಬರಲಿಲ್ಲ, ಆ ಶಾರ್ಕ್ ಕಾರ್ಕರೈನಸ್ ಕುಲದ ಲಿಂಬೇಟಸ್ಸೋ ಬ್ರೆವಿಪಿನ್ನಾವೋ ಎಂದು ಕೇಳಿದ್ದೀರಿ. ಬ್ಯಾಂಡ್ ಬಾರದ್ದಕ್ಕೆ ಬಹುಮಟ್ಟಿಗೆ ಫಾರ್ಮಾಲಿನ್ನೇ ಕಾರಣ. ವಾರಗಟ್ಟಲೆ ಅದರಲ್ಲಿ ನೆನೆದ ರೆಕ್ಕೆಯ ಡಿಎನ್‌ಎ ಚೂರುಚೂರಾಗಿರುತ್ತದೆ. ಪ್ರಭೇದ ಗುರುತಿಸಲು ಬಳಸುವ ಸಿಒಐ ಜೀನಿನ 650 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ತುಣುಕು ಅದರಿಂದ ಸಿಗುವುದು ಕಷ್ಟ. ಪ್ರೈಮರ್ (ನಕಲು ಶುರುಮಾಡಿಸುವ ಡಿಎನ್‌ಎ ಚೂರು) ಬದಲಿಸುತ್ತ ದುಡ್ಡು ಕಳೆಯಬೇಡಿ.

ಮಲ್ಪೆ ಬಂದರಿನಲ್ಲಿ ತೆಗೆದ ಫೋಟೊ ಇದೆ ಎಂದಿದ್ದೀರಿ, ಮೊದಲು ಅದನ್ನೇ ನೋಡಿ. ಮೊದಲ ಬೆನ್ನುರೆಕ್ಕೆ ಎಲ್ಲಿ ಶುರುವಾಗುತ್ತದೆ? ಎದೆರೆಕ್ಕೆಯ ಬುಡ ಮುಗಿಯುವಲ್ಲೇ ಅಥವಾ ತುಸು ಹಿಂದೆಯಾದರೆ ಲಿಂಬೇಟಸ್. ಎದೆರೆಕ್ಕೆಯ ಹಿಂತುದಿಯ ನೇರಕ್ಕೋ ಅದಕ್ಕೂ ಹಿಂದೆಯೋ ಆದರೆ ಬ್ರೆವಿಪಿನ್ನಾ. ಬಾಯಿಯ ಮೂಲೆಯ ಗೆರೆ ಉದ್ದವಾಗಿ ಎದ್ದು ಕಂಡರೂ ಬ್ರೆವಿಪಿನ್ನಾ ಕಡೆಗೇ ವಾಲಿ. ಗುದರೆಕ್ಕೆಯ ತುದಿ ಕಪ್ಪಾಗಿದ್ದರೆ ಹೆಚ್ಚುಕಡಿಮೆ ಖಚಿತ. ಕಪ್ಪಿಲ್ಲ ಎಂದು ಮಾತ್ರ ಲಿಂಬೇಟಸ್ ಅನ್ನಬೇಡಿ, ಬ್ರೆವಿಪಿನ್ನಾ ಮರಿಗಳಲ್ಲಿ ಆ ಗುರುತು ಇರುವುದಿಲ್ಲ. ಎರಡು ಬೆನ್ನುರೆಕ್ಕೆಗಳ ನಡುವೆ ಚರ್ಮದ ಏಣು ಇದ್ದರೆ ಎರಡೂ ಅಲ್ಲ, ಸೊರ್ರಾ ಎಂಬ ಇನ್ನೊಂದು ಶಾರ್ಕ್ ಇರಬಹುದು.

ಅದೇ ಮೀನಿನ ಮಾಂಸ ಫ್ರೀಜರ್‌ನಲ್ಲಿದ್ದರೆ ಕಡಲೆಕಾಳಿನಷ್ಟು ಕತ್ತರಿಸಿ, ಹತ್ತು ಪಟ್ಟು 95% ಎಥನಾಲ್‌ನಲ್ಲಿಡಿ, ಮರುದಿನ ಎಥನಾಲ್ ಬದಲಿಸಿ. ರೆಕ್ಕೆಯೇ ಗತಿಯಾದರೆ ಕಪ್ಪು ಭಾಗ ಬಿಟ್ಟು ಕತ್ತರಿಸಿ, ಮೆಲನಿನ್ ಪಿಸಿಆರ್ ತಡೆಯುತ್ತದೆ. ಶಾರ್ಕ್ ಮಾಂಸದ ಯೂರಿಯಾದ್ದೂ ಅದೇ ಕಾಟ. ಹಾಗಾಗಿ ಡಿಎನ್‌ಎಯನ್ನು 1:10 ಮತ್ತು 1:50 ತೆಳುವಾಗಿಸಿಯೂ ಓಡಿಸಿ, ಬಿಎಸ್‌ಎ (ಈ ತಡೆಯನ್ನು ತಗ್ಗಿಸುವ ಪ್ರೋಟೀನ್) ಸೇರಿಸಿ. ಫಾರ್ಮಾಲಿನ್ ತುಂಡು ಬಿಟ್ಟು ಬೇರೇನೂ ಇಲ್ಲವೆಂದರೆ 200 ಬೇಸ್‌ಗಿಂತ ಚಿಕ್ಕ ಮಿನಿ ಬಾರ್‌ಕೋಡ್ (ಗುರುತಿಗೆ ಬಳಸುವ ಚಿಕ್ಕ ಡಿಎನ್‌ಎ ತುಣುಕು) ಪ್ರಯತ್ನಿಸಿ, ಭರವಸೆ ಕೊಡಲಾರೆ.

ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಬಂದ ಮೇಲೆ ಮೊದಲ ಹೊಂದಿಕೆಯನ್ನೇ ನಂಬಬೇಡಿ. ಸೀಕ್ವೆನ್ಸ್‌ಗಳ ಸಾರ್ವಜನಿಕ ಸಂಗ್ರಹವಾದ ಜೆನ್‌ಬ್ಯಾಂಕ್‌ನಲ್ಲಿ ತಪ್ಪು ಹೆಸರಿನ ಶಾರ್ಕ್‌ಗಳಿವೆ. ಈ ಎರಡನ್ನು ಸಿಒಐ ಬೇರ್ಪಡಿಸುತ್ತದೆ, ಆದರೆ ಲಿಂಬೇಟಸ್ ಮತ್ತು ಆಂಬ್ಲಿರಿಂಕಾಯ್ಡಿಸ್ ಎಂಬ ಮತ್ತೊಂದು ಶಾರ್ಕ್ ತೀರಾ ಹತ್ತಿರ ಬರುತ್ತವೆ. ಅಲ್ಲಿ ಸಿಕ್ಕಿಕೊಂಡರೆ ಎನ್‌ಡಿ2 ಎಂಬ ಇನ್ನೊಂದು ಜೀನಿನ ಸೀಕ್ವೆನ್ಸ್ ಮಾಡಿಸಿ.