ಗೋಡೆ ಒದ್ದೆ, ಖರ್ಚು ಯಾರದ್ದು? – ಬಾಡಿಗೆ ಮನೆ ಪ್ರಶ್ನೋತ್ತರ

ಪ್ರಶ್ನೆ: ಬಾಡಿಗೆಗೆ ಕೊಟ್ಟ ಮನೆಯ ಮಲಗುವ ಕೋಣೆಯಲ್ಲಿ ಕಪ್ಪು ಬೂಷ್ಟು ಹಿಡಿದಿದೆ. ಎರಡು ಸಲ ಬಣ್ಣ ಹೊಡೆಸಿದೆ, ಮತ್ತೆ ಬಂತು. ಗೋಡೆಯೇ ನೀರು ಕುಡಿಯುತ್ತಿದೆ ಎನ್ನುತ್ತಾರೆ ಬಾಡಿಗೆಯವರು. ಅವರು ಒಳಗೆ ಬಟ್ಟೆ ಒಣಹಾಕುವುದೇ ಕಾರಣ ಎನ್ನುವುದು ನನ್ನ ವಾದ. ಖರ್ಚು ಯಾರು ಕೊಡಬೇಕು?

ಉತ್ತರ: ಖರ್ಚಿನ ಮಾತು ಆಮೇಲೆ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಬಣ್ಣ ಹೊಡೆಸಿದ್ದೇ ಎರಡು ಸಲ ದುಡ್ಡು ಹೋಗಲು ಕಾರಣ. ಒದ್ದೆ ಗೋಡೆಯ ಮೇಲೆ ಬಣ್ಣ ಬಿದ್ದರೆ ತೇವ ಹೊರಬರಲಾಗದೆ ಒಳಗೇ ಉಳಿಯುತ್ತದೆ. ಕೆಲವೇ ವಾರಗಳಲ್ಲಿ ಬಣ್ಣ ಗುಳ್ಳೆಯೆದ್ದು ಚಕ್ಕೆಯಾಗಿ ಉದುರುತ್ತದೆ.

ಕಲೆ ಎಲ್ಲಿದೆ ಎಂಬುದರಿಂದಲೇ ಅರ್ಧ ಉತ್ತರ ಸಿಗುತ್ತದೆ. ನೆಲದಿಂದ ಮೊಣಕಾಲೆತ್ತರದವರೆಗೆ ಒದ್ದೆ, ಮೇಲಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ ಇದ್ದರೆ ನೆಲದ ತೇವ ಮೇಲೇರುತ್ತಿದೆ. ಕಂದು ಅಂಚಿನ ಕಲೆ ದಿನೇದಿನೇ ಅಗಲವಾಗುತ್ತಿದ್ದರೆ ಪೈಪನ್ನೋ ಮೇಲಿನ ಬಚ್ಚಲನ್ನೋ ಅನುಮಾನಿಸಿ. ಮಳೆ ಬಂದಾಗ ಮಾತ್ರ ಕಾಣಿಸಿದರೆ ಹೊರಗೋಡೆಯ ಬಿರುಕು ಅಥವಾ ಚಾವಣಿ. ಛಾವಣಿಗೆ ತಾಗಿದ ಮೂಲೆಯಲ್ಲಿ, ಬೀರುವಿನ ಹಿಂದೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದರೆ, ಬಹುಪಾಲು ಅದು ಕೋಣೆಯ ಗಾಳಿಯಲ್ಲಿನ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾದದ್ದು.

ಅನುಮಾನ ಉಳಿದರೆ ಹೀಗೆ ಮಾಡಿ. 30 ಸೆಂ.ಮೀ. ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕತ್ತರಿಸಿಕೊಳ್ಳಿ. ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ಹಾಳೆಯ ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, 48 ಗಂಟೆ ಬಿಡಿ. ಕೋಣೆಯ ಕಡೆಯ ಮೈಮೇಲೆ ಹನಿ ಕಟ್ಟಿದರೆ ತೇವ ಗಾಳಿಯದ್ದು. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದರೆ ಗೋಡೆಯದ್ದು. ಎರಡೂ ಕಡೆ ಇರುವುದೂ ಉಂಟು! ಟೇಪ್ ಸಡಿಲವಾಗಿದ್ದರೆ ಆ ಫಲಿತಾಂಶ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಅಂಟಿಸಿ. ಅಂಟಿಸುವಾಗಲೂ ಬಿಚ್ಚುವಾಗಲೂ ಬಾಡಿಗೆಯವರು ಎದುರಿಗಿರಲಿ. ಆಮೇಲೆ ವಾದವೇ ಉಳಿಯುವುದಿಲ್ಲ.

ಗೋಡೆಯ ತೇವವಾದರೆ ಖರ್ಚು ಪೂರ್ತಿ ನಿಮ್ಮದು. ಗಾಳಿಯ ತೇವವಾದರೂ ತಕ್ಷಣ ಬಾಡಿಗೆಯವರ ಮೇಲೆ ಹಾಕಬೇಡಿ. ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಇಲ್ಲ, ಕಿಟಕಿ ಬಿಗಿದು ತೆರೆಯುವುದಿಲ್ಲ ಎಂದಾದರೆ ತಪ್ಪು ಮನೆಯದ್ದೇ. ಅವೆಲ್ಲ ಸರಿಯಿದ್ದರೆ ಅವರಿಗೆ ಹೇಳಬೇಕಾದದ್ದು ಮೂರು ಮಾತು: ಸ್ನಾನವಾದ ಮೇಲೆ 20 ನಿಮಿಷ ಫ್ಯಾನ್ ಓಡಲಿ, ಬೀರು ಗೋಡೆಯಿಂದ 5ರಿಂದ 10 ಸೆಂ.ಮೀ. ದೂರವಿರಲಿ, ಬಟ್ಟೆ ಒಳಗೇ ಒಣಗಿಸಬೇಕಾದರೆ ಕಿಟಕಿ ತೆರೆದಿರಲಿ. ಕೋಣೆಯ ಗಾಳಿಯ ತೇವ ಅಳೆಯುವ ಮಾಪಕ ತಂದಿಟ್ಟರೆ ಇನ್ನೂ ಒಳ್ಳೆಯದು, ಅಂಕಿ ಶೇ. 60ರೊಳಗೆ ಇರಬೇಕು.

ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಿದರೆ ಮನೆಯೆಲ್ಲ ಹರಡುತ್ತದೆ. ಮಾಸ್ಕ್, ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬ್ಲೀಚ್ ಬಳಸುವವರು ಅದನ್ನು ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬೆರಳಲ್ಲಿ ಒತ್ತಿದರೆ ಉದುರುವ ಗಾರೆಯನ್ನು ಕೆತ್ತಿ ಹೊಸದಾಗಿ ಮೆತ್ತಿಸಿ, ಕನಿಷ್ಠ 4 ವಾರ ಒಣಗಲು ಬಿಡಿ. ಬಣ್ಣ ಅದಾದ ಮೇಲೆ.

ಪ್ರಶ್ನೆ: ನೀರಿನ ಬಿಲ್ ಇದ್ದಕ್ಕಿದ್ದಂತೆ ಏರಿದೆ. ನಾವು ಹೆಚ್ಚು ಬಳಸಿಲ್ಲ ಎನ್ನುತ್ತಾರೆ ಬಾಡಿಗೆಯವರು. ನಲ್ಲಿಗಳೆಲ್ಲ ಸರಿಯಾಗಿವೆ.

ಉತ್ತರ: ಅವರು ನಿಜ ಹೇಳುತ್ತಿರಬಹುದು. ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತದೆ, ಕಮೋಡಿನಲ್ಲಿ ನೀರು ಜಾರುವುದು ಕಣ್ಣಿಗೂ ಕಾಣದು. ನಿಮಿಷಕ್ಕೆ ಅರ್ಧ ಲೀಟರ್ ಸೋರಿದರೂ ದಿನಕ್ಕೆ 720 ಲೀಟರ್ ಹೋಯಿತು.

ಫ್ಲಶ್ ಟ್ಯಾಂಕಿನ ನೀರಿಗೆ ಗಾಢವಾದ ಫುಡ್ ಕಲರ್ ಹಾಕಿ, 30 ನಿಮಿಷ ಯಾರೂ ಫ್ಲಶ್ ಮಾಡದಿರಲಿ. ಕಮೋಡಿನ ನೀರಿಗೆ ಬಣ್ಣ ಬಂದರೆ ಸೋರಿಕೆ ಖಚಿತ. ಈಗ ಮುಚ್ಚಳ ತೆಗೆದು ನೋಡಿ. ನಡುವಿನ ಓವರ್‌ಫ್ಲೋ ಕೊಳವೆಯ ಬಾಯಿಗೆ ನೀರು ಬೀಳುತ್ತಿದ್ದರೆ, ನೀರು ಅದಕ್ಕಿಂತ 2ರಿಂದ 3 ಸೆಂ.ಮೀ. ಕೆಳಗೇ ನಿಲ್ಲುವಂತೆ ಫ್ಲೋಟ್ (ನೀರಿನ ಮೇಲೆ ತೇಲುವ ಬುರುಡೆ) ತಗ್ಗಿಸಿದರೆ ಸಾಕು. ಹಾಗಿಲ್ಲದಿದ್ದರೆ ತೊಂದರೆ ತಳದ ತೂತು ಮುಚ್ಚುವ ರಬ್ಬರಿನಲ್ಲಿ. ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಆ್ಯಂಗಲ್ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ರಬ್ಬರನ್ನು ಬೆರಳಲ್ಲಿ ಒರೆಸಿ ನೋಡಿ. ಬೆರಳಿಗೆ ಕಪ್ಪು ಮೆತ್ತಿಕೊಂಡರೆ ಅದರ ಆಯುಸ್ಸು ಮುಗಿದಿದೆ. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದ್ದು ತನ್ನಿ. ರಬ್ಬರ್ ಚೆನ್ನಾಗಿದ್ದರೆ ಅದು ಕೂರುವ ಅಂಚಿನಲ್ಲಿ ಸುಣ್ಣದ ಪದರ ಕಟ್ಟಿರುತ್ತದೆ, ವಿನೆಗರ್ ಹಚ್ಚಿ ಉಜ್ಜಿ.

ಅಲ್ಲೂ ಏನೂ ಸಿಗದಿದ್ದರೆ ರಾತ್ರಿ ಓವರ್‌ಹೆಡ್ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ಮಟ್ಟಕ್ಕೆ ಗುರುತು ಹಾಕಿ. ಯಾರೂ ನೀರು ಬಳಸದೆ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ತಳ 1 ಚದರ ಮೀಟರ್ ಇರುವ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ 10 ಲೀಟರ್ ಎಂದು ಲೆಕ್ಕ. ರಬ್ಬರ್ ಸವೆಯುವುದು ಸಹಜ, ಖರ್ಚು ಮಾಲೀಕರದ್ದು. ಸೋರಿಕೆ ಕಂಡ 2 ದಿನದೊಳಗೆ ತಿಳಿಸಬೇಕು ಎಂದು ಮಾತ್ರ ಕರಾರಿನಲ್ಲಿ ಬರೆಸಿ.

ಪ್ರಶ್ನೆ: 3 ವರ್ಷ ಇದ್ದವರು ಖಾಲಿ ಮಾಡುತ್ತಿದ್ದಾರೆ. ಹಾಲಿನ ಗೋಡೆ ತುಂಬ ಮಕ್ಕಳ ಕ್ರೇಯಾನ್ ಗೀಟು. ಇಡೀ ಮನೆಯ ಬಣ್ಣದ ಖರ್ಚನ್ನು ಅಡ್ವಾನ್ಸಿನಿಂದ ಹಿಡಿಯಬಹುದೇ?

ಉತ್ತರ: ಇಡೀ ಮನೆಯದ್ದು ಹಿಡಿದರೆ ಅನ್ಯಾಯ. ಬಣ್ಣ ಮಾಸುವುದು, ಫೋಟೊ ತೂಗುಹಾಕಿದ ಸಣ್ಣ ಮೊಳೆಯ ತೂತು, ಓಡಾಡುವ ಜಾಗದಲ್ಲಿ ನೆಲ ಸವೆಯುವುದು, ಇವೆಲ್ಲ ವಾಸದಿಂದ ಆಗುವಂಥವು. ಗೀಟಿನ ಗೋಡೆಗಳದ್ದಷ್ಟೇ ಲೆಕ್ಕ ಹಾಕಿ, ಅದರಲ್ಲೂ ಉಳಿದ ಆಯುಸ್ಸಿನ ಪಾಲು ಮಾತ್ರ. ಬಣ್ಣಕ್ಕೆ 5 ವರ್ಷ ಬಾಳಿಕೆ ಎಂದುಕೊಂಡರೆ, ಅವರು ಬರುವ ಮುಂಚೆ ಹೊಸದಾಗಿ ಹೊಡೆಸಿದ್ದ ಗೋಡೆಗೆ ಇನ್ನು 2 ವರ್ಷ ಉಳಿದಿತ್ತು. ಅಂದರೆ ಆ ಗೋಡೆಗಳ ಖರ್ಚಿನ ಶೇ. 40 ಅವರದ್ದು, ಉಳಿದದ್ದು ನಿಮ್ಮದು. ಅವರು 5 ವರ್ಷ ಇದ್ದಿದ್ದರೆ ಕೇಳುವಂತೆಯೇ ಇರಲಿಲ್ಲ.

ಆದರೆ ಬರುವಾಗ ಗೋಡೆ ಹೇಗಿತ್ತು ಎಂಬುದಕ್ಕೆ ನಿಮ್ಮ ಹತ್ತಿರ ಏನಿದೆ? ಹೊಸಬರಿಗೆ ಕೀಲಿ ಕೊಡುವ ದಿನ ಮೀಟರಿನ ಅಂಕಿಯಿಂದ ಶುರುಮಾಡಿ, ಬಾಗಿಲಿಂದ ಬಲಕ್ಕೆ ಸುತ್ತುತ್ತ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೊ ತೆಗೆಯಿರಿ. ಸಿಂಕಿನ ಕೆಳಗಿನ ಕಪಾಟು ತೆರೆದು ತೋರಿಸಿ, ನಲ್ಲಿ ಬಿಡಿ, ಫ್ಲಶ್ ಒತ್ತಿ, ಸ್ವಿಚ್ ಹಾಕಿ. ಮೊದಲೇ ಇದ್ದ ಗೀರಿನ ಪಕ್ಕ ಸ್ಕೇಲ್ ಇಟ್ಟು ಫೋಟೊ ಹೊಡೆಯಿರಿ, ಇಲ್ಲದಿದ್ದರೆ ಗೀರು ಗೇಣುದ್ದವೋ ಬೆರಳುದ್ದವೋ ಎಂದು ಆಮೇಲೆ ಗೊತ್ತಾಗದು. ಅದೇ ದಿನ ಬಾಡಿಗೆಯವರಿಗೂ ಕಳಿಸಿ, ಬಿಟ್ಟುಹೋದದ್ದನ್ನು 7 ದಿನದಲ್ಲಿ ತಿಳಿಸಲು ಹೇಳಿ. ಕೊಟ್ಟ ಕೀಲಿ ಎಷ್ಟು ಎಂಬುದೂ ಬರಹದಲ್ಲಿರಲಿ.

ಪ್ರಶ್ನೆ: ಶೇ. 5 ಹೆಚ್ಚು ಬಾಡಿಗೆ ಕೊಡುವವರಿಗಾಗಿ ಒಂದು ತಿಂಗಳು ಕಾಯಬಹುದೇ?

ಉತ್ತರ: ಕಳೆದುಕೊಂಡ ಒಂದು ತಿಂಗಳ ಬಾಡಿಗೆ ಆ ಹೆಚ್ಚುವರಿಯಿಂದ ಮರಳಿ ಬರಲು 20 ತಿಂಗಳು ಬೇಕು. ಅಷ್ಟು ಕಾಲ ಅವರು ಇದ್ದೇ ಇರುತ್ತಾರೆಂಬ ಭರವಸೆಯಿದ್ದರೆ ಕಾಯಿರಿ.

ಪ್ರಶ್ನೆ: ಖಾಲಿ ಬಿದ್ದಿರುವ ಮನೆ ನೋಡಲು ಬಂದವರೆಲ್ಲ ಬಚ್ಚಲ ವಾಸನೆಗೆ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಪೈಪು ಕಟ್ಟಿಲ್ಲ.

ಉತ್ತರ: ನೆಲದ ಜಾಲರಿಯ ಕೆಳಗೆ ಟ್ರ್ಯಾಪ್ ಎಂಬ ಬಾಗಿದ ಭಾಗದಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುವುದು. ಬಳಕೆಯಿಲ್ಲದೆ ಅದು ಆರಿಹೋಗಿದೆ. ಪ್ರತಿ ಜಾಲರಿಗೂ, ಸಿಂಕಿಗೂ 2 ಲೀಟರ್ ನೀರು ಸುರಿಯಿರಿ, ಕಮೋಡ್ ಫ್ಲಶ್ ಮಾಡಿ. ತಿಂಗಳುಗಟ್ಟಲೆ ಮನೆ ಖಾಲಿ ಇರುವುದಾದರೆ ಜಾಲರಿಯ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ. ನೀರು ಹಾಕಿದ ಮರುದಿನವೂ ವಾಸನೆ ಬಂದರೆ ಟ್ರ್ಯಾಪ್ ಒಡೆದಿದೆ, ಇಲ್ಲವೇ ಹಾಕಿಯೇ ಇಲ್ಲ. ಪ್ಲಂಬರನ್ನು ಕರೆಸಿ.