ಗರಾಂಡ್‌ಗೆ 1943ರ ಹಳೆ ತೋಟೆ ಹಾಕಬಹುದಾ?

ನಮಸ್ಕಾರ. ಅಮೆರಿಕದಲ್ಲಿ ಕೊಂಡ ಎಂ1 ಗರಾಂಡ್ ಎಂಬ ಹಳೆ ಸೇನಾ ರೈಫಲ್ಲಿಗೆ 1943ರ ಮುದ್ರೆಯ ಸೇನಾ ತೋಟೆ ಅಗ್ಗಕ್ಕೆ ಸಿಕ್ಕಿದೆ, ಹಾಕಬಹುದಾ ಎಂದು ಕೇಳಿದ್ದೀರಿ. ತೋಟೆ ಚೆನ್ನಾಗಿದ್ದರೆ ಹಾಕಬಹುದು. ಆದರೆ ಅದೇ ದಿನ ಕೋವಿ ತೊಳೆಯುವ ತಾಳ್ಮೆ ಬೇಕು.

ಗರಾಂಡ್‌ಗೆ ಹಾಕುವುದು .30-06 ಅಳತೆಯ ತೋಟೆ. ಆ ಕಾಲದ ಅಮೆರಿಕನ್ .30-06 ತೋಟೆಗಳ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಹಚ್ಚುವ, ತೋಟೆಯ ಬುಡದ ಪುಟ್ಟ ಬಿಲ್ಲೆ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಹಾರಿಸಿದ ಮೇಲೆ ನಳಿಗೆಯೊಳಗೆ ಉಳಿಯುವುದು ಒಂಥರಾ ಉಪ್ಪು. ಅದು ಗಾಳಿಯ ತೇವ ಹೀರಿ ತುಕ್ಕು ತರಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುತ್ತದಾ? ಇಲ್ಲ ಅಲ್ವಾ. ಹಾಗಾಗಿ ಮೊದಲು ಬಿಸಿನೀರು, ಆಮೇಲೆ ಚೆನ್ನಾಗಿ ಒಣಗಿಸಿ ಎಣ್ಣೆ. ನಾನೊಮ್ಮೆ ಸೋಮಾರಿತನದಿಂದ ಬರೀ ಎಣ್ಣೆ ಒರೆಸಿ ಮಲಗಿದ್ದೆ. ಬೆಳಿಗ್ಗೆ ನಳಿಗೆಯೊಳಗೆ ಕೆಂಪು! ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆಯುವ ಬೋಲ್ಟ್ ಆಕ್ಷನ್ ಕೋವಿ ಆದರೆ ನಳಿಗೆ, ಬೋಲ್ಟ್ ತೊಳೆದರೆ ಮುಗಿಯಿತು. ಗರಾಂಡ್ ಹಾರಿದ ಮದ್ದಿನ ಗ್ಯಾಸ್ ಬಳಸಿ ತಾನೇ ಮುಂದಿನ ತೋಟೆ ತುಂಬಿಕೊಳ್ಳುತ್ತದೆ, ಹಾಗಾಗಿ ಗ್ಯಾಸ್ ಸಿಲಿಂಡರ್, ಅದರ ಪ್ಲಗ್, ಪಿಸ್ಟನ್ ತುದಿಗೂ ಆ ಉಪ್ಪು ಹೋಗುತ್ತದೆ. ಅವನ್ನೂ ಬಿಚ್ಚಿ ತೊಳೆಯಿರಿ.

ಒಂದೊಂದು ತೋಟೆಯನ್ನೂ ಬೆಳಕಲ್ಲಿ ನೋಡಿ. ಕತ್ತು ಸೀಳಿದ್ದು, ಹಸಿರು ಕಿಲುಬು ಕಟ್ಟಿದ್ದು, ಗುಂಡು ಅಲುಗಾಡುವುದು ಪಕ್ಕಕ್ಕಿಡಿ. ಟಪ್ಪೆಂದು ಸದ್ದು ಸಣ್ಣದಾಗಿ ಬಂದರೆ ಅಲ್ಲೇ ನಿಲ್ಲಿಸಿ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿದೆಯಾ ನೋಡಿ.

ಇನ್ನು ಬೇಟೆಗೆಂದು ಮಾರುವ ಹೊಸ .30-06, ಅದರಲ್ಲೂ 180 ಗ್ರೇನಿನ (ಗುಂಡಿನ ತೂಕದ ಅಳತೆ) ಭಾರದ ಗುಂಡು, ಸುಮ್ನೆ ಹಾಕಬೇಡಿ. ಈ ರೈಫಲ್ಲಿಗೆ ಹೊಂದುವುದು 150 ಗ್ರೇನ್ ಆಸುಪಾಸಿನ ಎಂ2 ಬಾಲ್ ಎಂಬ ಸೇನಾ ತೋಟೆ. ಗ್ಯಾಸ್ ಒತ್ತಡ ಜಾಸ್ತಿಯಾದರೆ ಬೋಲ್ಟನ್ನು ಹಿಂದಕ್ಕೆ ತಳ್ಳುವ ಆಪರೇಟಿಂಗ್ ರಾಡ್ ಬಗ್ಗಬಹುದು. ಅದರ ಬೆಲೆ ಕೇಳಿದರೆ ಅಗ್ಗದ ತೋಟೆಯ ಖುಷಿ ಇಳಿದುಹೋಗುತ್ತದೆ.